ಹಳೆಯ ಉಗಿ ಎಂಜಿನ್ ಮಾದರಿಗೆ ಹೊಸ ಧ್ವನಿ: ಲೋಕ್‌ಸೌಂಡ್ 5 ಮತ್ತು ಕಲಬುರಗಿಯ ಒಂದು ರಿಪೇರಿ ಅಂಗಡಿ

ನಮ್ಮ ಮನೆಯಲ್ಲಿ ಬಹುಕಾಲದಿಂದ ಇದ್ದ ಟ್ರಯಾಂಗ್ ಹಾರ್ನ್‌ಬಿ ಕಂಪನಿಯ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಜಿನ್ ಮಾದರಿಗೆ ಜರ್ಮನಿಯ ಈಎಸ್‌ಯು ಕಂಪನಿಯ ಲೋಕ್‌ಸೌಂಡ್ 5 ಎಂಬ ಧ್ವನಿ ಡಿಕೋಡರನ್ನು, ಎಂದರೆ ಹಳಿಯ ಮೂಲಕ ಬರುವ ಆಜ್ಞೆಯಂತೆ ಮೋಟಾರನ್ನು ಓಡಿಸಿ ಎಂಜಿನ್ನಿನ ಸದ್ದು ಹೊರಡಿಸುವ ಸಣ್ಣ ಎಲೆಕ್ಟ್ರಾನಿಕ್ ಸಾಧನವನ್ನು, ಇತ್ತೀಚೆಗೆ ಹಾಕಿಸಿದೆ. ಕೆಲಸವನ್ನು ಮಾಡಿಕೊಟ್ಟದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿರುವ, ಸಾಮಾನ್ಯವಾಗಿ ಆಂಪ್ಲಿಫೈಯರ್ ಮತ್ತು ಯುಪಿಎಸ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ. ಮಾದರಿ ರೈಲಿನ ಅಂಗಡಿಗಳೇ ಇಲ್ಲದ ನಮ್ಮ ಭಾಗದಲ್ಲಿ ಇಂಥ ಕೆಲಸ ಸಾಧ್ಯವೇ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಎಂಬ ಉದ್ದೇಶದಿಂದ ಡಿಕೋಡರು ಮತ್ತು ಅಂಗಡಿ ಎರಡರ ಬಗ್ಗೆಯೂ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಡಿಕೋಡರು ಕೊಟ್ಟ ಹಣಕ್ಕೆ ಯೋಗ್ಯವಾಗಿದೆ, ಆದರೆ ಹಳೆಯ ಎಂಜಿನ್ನಿನಲ್ಲಿ ಅದರ ಯೋಗ್ಯತೆ ಹೊರಬರುವುದು ಮೋಟಾರು, ವಿದ್ಯುತ್ ಸಂಪರ್ಕ ಮತ್ತು ಸ್ಪೀಕರಿನ ಪೆಟ್ಟಿಗೆ ಈ ಮೂರನ್ನೂ ಮೊದಲು ಸರಿಪಡಿಸಿದಾಗ ಮಾತ್ರ.

ಮಾದರಿಯ ಬಗ್ಗೆ ಎರಡು ಮಾತು. ಅಸಲಿ ಫ್ಲೈಯಿಂಗ್ ಸ್ಕಾಟ್ಸ್‌ಮನ್ 1923ರಲ್ಲಿ ಇಂಗ್ಲೆಂಡಿನ ಡಾಂಕಾಸ್ಟರ್ ಕಾರ್ಖಾನೆಯಲ್ಲಿ ತಯಾರಾದ, ನೈಜೆಲ್ ಗ್ರೆಸ್ಲಿ ಅವರ ವಿನ್ಯಾಸದ ಎಂಜಿನ್. 1934ರಲ್ಲಿ ಗಂಟೆಗೆ ನೂರು ಮೈಲಿ, ಎಂದರೆ ಸುಮಾರು 160 ಕಿಲೋಮೀಟರ್ ವೇಗವನ್ನು ಅಧಿಕೃತವಾಗಿ ದಾಖಲಿಸಿದ ಮೊದಲ ಉಗಿ ಎಂಜಿನ್ ಎಂಬ ಖ್ಯಾತಿ ಅದಕ್ಕಿದೆ. ಟ್ರಯಾಂಗ್ ಹಾರ್ನ್‌ಬಿ ಅದರ ಮಾದರಿಯನ್ನು 1960ರ ದಶಕದ ಕೊನೆಯಲ್ಲಿ ಹೊರತಂದಿತು. ಆ ಕಾಲದ ಮಾದರಿಗಳಲ್ಲಿ ಎಕ್ಸ್ 04 ಎಂಬ ತೆರೆದ ಚೌಕಟ್ಟಿನ ಮೋಟಾರು ಎಂಜಿನ್ನಿನ ಒಡಲಲ್ಲೇ ಕೂತಿರುತ್ತಿತ್ತು. ಧ್ವನಿಗಾಗಿ ಕಂಪನಿಯವರು ಟೆಂಡರಿನ (ಎಂಜಿನ್ನಿನ ಹಿಂದೆ ಕಲ್ಲಿದ್ದಲು, ನೀರು ಹೊರುವ ಗಾಡಿಯ) ಗಾಲಿಯ ಅಚ್ಚಿಗೆ ಮರಳು ಕಾಗದವನ್ನು ಅಂಟಿಸಿ, ಅದರ ಮೇಲೆ ಲೋಹದ ತಂತಿಯೊಂದು ಉಜ್ಜುವಂತೆ ಮಾಡಿದ್ದರು. ಗಾಲಿ ತಿರುಗಿದಂತೆಲ್ಲ ‘ಛರ್ರ ಛರ್ರ’ ಎಂಬ ಸದ್ದು ಬರುತ್ತಿತ್ತು. ಎಲೆಕ್ಟ್ರಾನಿಕ್ಸ್ ಇನ್ನೂ ಆಟಿಕೆಯೊಳಗೆ ಬಂದಿರದ ಕಾಲದಲ್ಲಿ ಮಾಡಿದ ಆ ಉಪಾಯದ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಕಳಚಿದ ಆ ಭಾಗಗಳನ್ನೆಲ್ಲ ಅಂಗಡಿಯವರು ಚೀಟಿ ಬರೆದು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟದ್ದು ಅವರ ಕೆಲಸದ ರೀತಿಯನ್ನು ತೋರಿಸುತ್ತದೆ.

ಈ ಡಿಕೋಡರು ಕೆಲಸ ಮಾಡುವ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಪದ್ಧತಿಯ ಪರಿಚಯ ಇಲ್ಲದವರಿಗಾಗಿ: ಡಿಸಿ ಎಂಬ ಹಳೆಯ ವಿಧಾನದಲ್ಲಿ ಹಳಿಯ ವೋಲ್ಟೇಜನ್ನು ಏರಿಸಿ ಇಳಿಸಿ ಎಂಜಿನ್ನಿನ ವೇಗವನ್ನು ನಿಯಂತ್ರಿಸುತ್ತಿದ್ದರು. ಡಿಸಿಸಿಯಲ್ಲಿ ಹಳಿಯ ಮೇಲೆ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ, ಅದರ ಜೊತೆಗೆ ಅಂಕೀಯ ಆಜ್ಞೆಗಳು ಹರಿಯುತ್ತವೆ, ಪ್ರತಿ ಎಂಜಿನ್ನಿನ ಡಿಕೋಡರು ತನ್ನ ವಿಳಾಸಕ್ಕೆ ಬಂದ ಆಜ್ಞೆಯನ್ನು ಮಾತ್ರ ಪಾಲಿಸುತ್ತದೆ. ನಿಂತ ಎಂಜಿನ್ನಿಗೂ ವಿದ್ಯುತ್ ಸಿಗುವುದರಿಂದಲೇ ನಿಲ್ದಾಣದಲ್ಲಿ ಅದು ಉಸಿರಾಡುವ ಸದ್ದು, ಪಂಪಿನ ಸದ್ದು, ಸೀಟಿ ಎಲ್ಲವೂ ಸಾಧ್ಯವಾಗುತ್ತವೆ. ಲೋಕ್‌ಸೌಂಡ್ 5 ಹಳೆಯ ಡಿಸಿ ಹಳಿಯ ಮೇಲೂ ಓಡುತ್ತದೆ, ಆದರೆ ವೋಲ್ಟೇಜ್ ಒಂದು ಮಟ್ಟಕ್ಕೆ ಏರುವವರೆಗೆ ಧ್ವನಿ ಹುಟ್ಟುವುದಿಲ್ಲವಾದ್ದರಿಂದ ಅದನ್ನು ಡಿಸಿಗೆಂದೇ ಕೊಳ್ಳುವುದು ಹಣದ ಅಪವ್ಯಯ.

ಅಂಗಡಿಗೆ ಎಂಜಿನ್ನನ್ನೂ ಡಿಕೋಡರನ್ನೂ ಒಟ್ಟಿಗೆ ಕೊಟ್ಟಾಗ ಅಲ್ಲಿನ ಮೆಕ್ಯಾನಿಕ್ ಡಿಕೋಡರಿನ ಡಬ್ಬಿಯನ್ನು ಬಿಚ್ಚದೆ ಪಕ್ಕಕ್ಕಿಟ್ಟು, “ಮೊದಲ ಮೋಟರ್ ನೋಡೋಣ್ರಿ, ಆಮ್ಯಾಲ ಆವಾಜ್” ಎಂದರು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಯಶಸ್ಸು ನಿರ್ಧಾರವಾದದ್ದು ಆ ಕ್ರಮದಿಂದಲೇ. ಅವರು 12 ವೋಲ್ಟ್ ಕೊಟ್ಟು, ಗಾಲಿಯನ್ನು ಬೆರಳಿನಿಂದ ಕ್ಷಣಕಾಲ ತಡೆದು, ಮೀಟರಿನಲ್ಲಿ ಕರೆಂಟನ್ನು ಅಳೆದರು. ಅದು ಒಂದೂಕಾಲು ಆಂಪಿಯರಿನ ಆಸುಪಾಸಿನಲ್ಲಿತ್ತು. ಲೋಕ್‌ಸೌಂಡ್ 5 ಮೋಟಾರಿಗೆ 1.5 ಆಂಪಿಯರಿನವರೆಗೆ ಕೊಡಬಲ್ಲದು, ಆದ್ದರಿಂದ ಲೆಕ್ಕದ ಪ್ರಕಾರ ತೊಂದರೆ ಇರಲಿಲ್ಲ. ಆದರೆ ಎಂಜಿನ್ ಬಿಡುವಾಗಿ ಓಡುವಾಗಲೂ ಅರ್ಧ ಆಂಪಿಯರಿಗೂ ಹೆಚ್ಚು ಎಳೆಯುತ್ತಿದ್ದುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಳೆಯ ಮೋಟಾರಿನ ಅಯಸ್ಕಾಂತ ವರ್ಷಗಳು ಕಳೆದಂತೆ ಶಕ್ತಿ ಕಳೆದುಕೊಂಡಿರುತ್ತದೆ. ಆಗ ಅದೇ ಬಲಕ್ಕಾಗಿ ಮೋಟಾರು ಹೆಚ್ಚು ಕರೆಂಟನ್ನು ಎಳೆಯುತ್ತದೆ, ಬಿಸಿಯಾಗುತ್ತದೆ, ನಿಧಾನವಾಗಿ ಓಡಲು ನಿರಾಕರಿಸುತ್ತದೆ. ಹಳೆಯ ಅಯಸ್ಕಾಂತವನ್ನು ತೆಗೆದು ಅದರ ಜಾಗದಲ್ಲಿ ನಿಯೋಡಿಮಿಯಂ ಅಯಸ್ಕಾಂತದ ತುಣುಕುಗಳನ್ನು ಕಬ್ಬಿಣದ ಪಟ್ಟಿಯ ನಡುವೆ ಕೂರಿಸಿದ ಮೇಲೆ ಓಡುವ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಗರಿಷ್ಠ ವೇಗ ಸ್ವಲ್ಪ ತಗ್ಗಿತು, ಅದು ಬೇಕಾದದ್ದೇ ಆಗಿತ್ತು, ಏಕೆಂದರೆ ಆ ಕಾಲದ ಮಾದರಿಗಳು ಅಸಲಿ ಎಂಜಿನ್ನಿನ ಅಳತೆಗೆ ಮೀರಿ ವಿಪರೀತ ಓಡುತ್ತಿದ್ದವು.

ಇದಕ್ಕಿಂತಲೂ ಮುಖ್ಯವಾದದ್ದು ಮೋಟಾರನ್ನು ಚಾಸಿಯಿಂದ (ಎಂಜಿನ್ನಿನ ತಳದ ಚೌಕಟ್ಟಿನಿಂದ) ವಿದ್ಯುತ್ ಸಂಪರ್ಕವಿಲ್ಲದಂತೆ ಬೇರ್ಪಡಿಸುವ ಕೆಲಸ, ಮತ್ತು ಹಳೆಯ ಎಂಜಿನ್ನಿಗೆ ಡಿಕೋಡರು ಹಾಕಿಸುವ ಪ್ರತಿಯೊಬ್ಬರೂ ಇದನ್ನು ಖಚಿತಪಡಿಸಿಕೊಳ್ಳಲೇಬೇಕು. ಟ್ರಯಾಂಗ್ ಎಂಜಿನ್ನಿನ ಲೋಹದ ಚಾಸಿಯೇ ಒಂದು ಹಳಿಯ ವಿದ್ಯುತ್ತನ್ನು ಹೊತ್ತಿರುತ್ತದೆ. ಎಕ್ಸ್ 04 ಮೋಟಾರಿನ ಎರಡು ಕಾರ್ಬನ್ ಬ್ರಷ್‌ಗಳನ್ನು ಒಂದೇ ಸ್ಪ್ರಿಂಗ್ ತಂತಿಯ ಎರಡು ತೋಳುಗಳು ಒತ್ತಿ ಹಿಡಿದಿರುತ್ತವೆ. ಒಂದು ತೋಳಿಗೆ ಮಾತ್ರ ನಿರೋಧಕ ಕೊಳವೆ ಇರುತ್ತದೆ, ಇನ್ನೊಂದು ಬರಿಯ ಲೋಹವಾಗಿದ್ದು ಬ್ರಷ್ಷನ್ನು ಚಾಸಿಗೆ ಜೋಡಿಸುತ್ತದೆ. ಇದೇ ಸ್ಥಿತಿಯಲ್ಲಿ ಡಿಕೋಡರಿನ ಕಿತ್ತಳೆ ಮತ್ತು ಬೂದು ತಂತಿಗಳನ್ನು ಮೋಟಾರಿಗೆ ಬೆಸುಗೆ ಹಾಕಿ ಹಳಿಯ ಮೇಲಿಟ್ಟರೆ, ಹಳಿಯ ವಿದ್ಯುತ್ತು ನೇರವಾಗಿ ಡಿಕೋಡರಿನಿಂದ ಮೋಟಾರಿಗೆ ವಿದ್ಯುತ್ ಹೊರಡುವ ಭಾಗಕ್ಕೆ ನುಗ್ಗಿ ಅದನ್ನು ಸುಟ್ಟುಹಾಕಬಹುದು. ಮೆಕ್ಯಾನಿಕ್ ಎರಡನೆಯ ತೋಳಿಗೂ ಸಣ್ಣ ಕೊಳವೆಯನ್ನು ತೊಡಿಸಿ, ಬ್ರಷ್ ಹಿಡಿಕೆಗೆ ಬೇರೆ ತಂತಿ ಕೊಟ್ಟು, ಮೀಟರಿನ ಒಂದು ಮೊನೆಯನ್ನು ಚಾಸಿಗೂ ಇನ್ನೊಂದನ್ನು ಬ್ರಷ್‌ಗಳಿಗೂ ಮುಟ್ಟಿಸಿ, ಗಾಲಿಯನ್ನು ಒಂದು ಪೂರ್ತಿ ಸುತ್ತು ನಿಧಾನವಾಗಿ ತಿರುಗಿಸುತ್ತ ಎಲ್ಲಿಯೂ ಸಂಪರ್ಕ ಇಲ್ಲವೆಂದು ನನಗೆ ತೋರಿಸಿದರು. ಟಿವಿಗೆ ಅಡಚಣೆಯಾಗದಿರಲೆಂದು ಹಿಂದೆ ಹಾಕಿದ್ದ ಕೆಪಾಸಿಟರನ್ನೂ ತೆಗೆದರು. ಮೋಟಾರಿನ ವೇಗವನ್ನು ಅಳೆದು ಸರಿದೂಗಿಸುವ ಡಿಕೋಡರಿನ ವ್ಯವಸ್ಥೆಗೆ ಅದು ಅಡ್ಡಿಯಾಗುತ್ತದೆ.

ವಿದ್ಯುತ್ ಸಂಪರ್ಕದ ವಿಷಯದಲ್ಲಿ ಮಾತ್ರ ನನಗೆ ಮೊದಲು ಅಸಮಾಧಾನವಾಯಿತು. ಹಳೆಯ ಮಾದರಿಯಲ್ಲಿ ಎಂಜಿನ್ನಿನ ಕೆಲವೇ ಗಾಲಿಗಳು ವಿದ್ಯುತ್ ಗ್ರಹಿಸುತ್ತವೆ. ಮೋಟಾರು ಕ್ಷಣಾರ್ಧದ ಅಡಚಣೆಯನ್ನು ತನ್ನ ಓಟದ ಬಲದಿಂದ ದಾಟಿಬಿಡುತ್ತದೆ, ಧ್ವನಿಗೆ ಆ ಸೌಲಭ್ಯವಿಲ್ಲ; ಒಂದು ಧೂಳಿನ ಕಣ ಅಡ್ಡ ಬಂದರೂ ಸದ್ದು ಕತ್ತರಿಸಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಶಹಾಬಾದ್ ಕಲ್ಲಿನ ಪುಡಿಯೂ ಸಿಮೆಂಟಿನ ಧೂಳೂ ಗಾಳಿಯಲ್ಲಿರುವ ನಮ್ಮ ಜಿಲ್ಲೆಯಲ್ಲಿ ಹಳಿ ಸ್ವಚ್ಛವಾಗಿ ಉಳಿಯುವುದು ಕಷ್ಟ. ಆದ್ದರಿಂದ ಟೆಂಡರಿನ ಪ್ಲಾಸ್ಟಿಕ್ ಗಾಲಿಗಳ ಬದಲಿಗೆ ಲೋಹದ ಗಾಲಿಗಳನ್ನು ಹಾಕಿ, ಫಾಸ್ಫರ್ ಬ್ರಾಂಜ್ ತಂತಿಯ ಒರೆಸುಪಟ್ಟಿಗಳನ್ನು ಕೊಟ್ಟು, ಜೊತೆಗೆ ಈಎಸ್‌ಯು ಕಂಪನಿಯದೇ ಪವರ್‌ಪ್ಯಾಕ್ ಎಂಬ ವಿದ್ಯುತ್ ಸಂಗ್ರಾಹಕವನ್ನು ಸೇರಿಸಲಾಯಿತು. ಇಷ್ಟೆಲ್ಲ ಸರಿಯಾಗಿ ಮಾಡಿದವರು ಎಂಜಿನ್ ಮತ್ತು ಟೆಂಡರಿನ ನಡುವೆ ಮಾತ್ರ ಆಂಪ್ಲಿಫೈಯರಿಗೆ ಬಳಸುವ ಗಟ್ಟಿ ತಂತಿಯನ್ನು ಎಳೆದಿದ್ದರು. ತಿರುವು ಬಂದಾಗ ಆ ತಂತಿ ಬಾಗದೆ ಟೆಂಡರಿನ ಮುಂದಿನ ಗಾಲಿಯನ್ನು ಹಳಿಯಿಂದ ಎತ್ತಿಬಿಡುತ್ತಿತ್ತು. ಎಂಜಿನ್ನನ್ನು ಮರಳಿ ಒಯ್ದು ತೋರಿಸಿದಾಗ ತಕರಾರಿಲ್ಲದೆ, ಬೇರೆ ಹಣ ಕೇಳದೆ, ಮೆತ್ತನೆಯ ಸಿಲಿಕಾನ್ ಹೊದಿಕೆಯ ಸಣ್ಣ ತಂತಿಗಳನ್ನು ಹಾಕಿ, ಎರಡನ್ನೂ ಬೇರ್ಪಡಿಸಲು ಅನುಕೂಲವಾಗುವಂತೆ ಚಿಕ್ಕ ಪ್ಲಗ್ಗನ್ನೂ ಕೂಡಿಸಿದರು. ಮೊದಲೇ ಒಂದು ತಿರುವಿನ ಹಳಿಯನ್ನು ಅಂಗಡಿಯಲ್ಲಿಟ್ಟುಕೊಂಡು ಪರೀಕ್ಷಿಸಿದ್ದರೆ ಈ ಓಡಾಟ ತಪ್ಪುತ್ತಿತ್ತು.

ಅಂಗಡಿಯ ನಿಜವಾದ ಪರಿಣತಿ ಕಂಡದ್ದು ಸ್ಪೀಕರಿನಲ್ಲಿ. ಡಿಕೋಡರಿನ ಜೊತೆಗೆ ಬರುವ ಸ್ಪೀಕರು ಕೇವಲ 11 ಮಿಲಿಮೀಟರ್ ಅಗಲ, 15 ಮಿಲಿಮೀಟರ್ ಉದ್ದದ ತುಣುಕು. ಅದನ್ನು ಬರಿದಾಗಿ ಟೆಂಡರಿನಲ್ಲಿ ಇಟ್ಟರೆ ಸೊಳ್ಳೆಯ ಗುಂಯ್‌ಗುಡುವಿಕೆಯಂಥ ಸದ್ದು ಬರುತ್ತದೆ, ಏಕೆಂದರೆ ಸ್ಪೀಕರಿನ ಪರದೆ ಮುಂದಕ್ಕೆ ತಳ್ಳಿದ ಗಾಳಿಯ ಅಲೆಯನ್ನು ಹಿಂದಿನ ಅಲೆ ಸುತ್ತಿ ಬಂದು ಅಳಿಸಿಹಾಕುತ್ತದೆ, ಮತ್ತು ಮೊದಲು ಅಳಿಯುವುದು ಗಂಭೀರವಾದ ಕೆಳಸ್ವರಗಳೇ. ಶರಣಬಸವೇಶ್ವರ ಜಾತ್ರೆಯ ಕಾಲದಲ್ಲಿ ದೊಡ್ಡ ದೊಡ್ಡ ಸ್ಪೀಕರು ಪೆಟ್ಟಿಗೆಗಳನ್ನು ದುರಸ್ತಿ ಮಾಡುವ ಆ ಮನುಷ್ಯನಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ, ಟೆಂಡರಿನ ಒಳಗೆ ಹಿಡಿಯುವಷ್ಟೂ ದೊಡ್ಡದಾದ ಪೆಟ್ಟಿಗೆಯನ್ನು ಕತ್ತರಿಸಿ, ಅಂಚುಗಳನ್ನು ದ್ರಾವಕದಿಂದ ಬೆಸೆದು, ತಂತಿ ಹೊರಬರುವ ರಂಧ್ರಕ್ಕೂ ಅಂಟು ತುಂಬಿ, ಗಾಳಿ ಸೋರುವ ಒಂದು ಸಂದನ್ನೂ ಬಿಡಲಿಲ್ಲ. ಸ್ಪೀಕರನ್ನು ಕೆಳಮುಖವಾಗಿ ಇಟ್ಟು ಟೆಂಡರಿನ ತಳದಲ್ಲಿ ಸಣ್ಣ ರಂಧ್ರಗಳನ್ನು ಕೊರೆದರು. ಡಿಕೋಡರು 4ರಿಂದ 32 ಓಮ್‌ವರೆಗಿನ ಸ್ಪೀಕರುಗಳನ್ನು ಒಪ್ಪುತ್ತದೆ, ಆದ್ದರಿಂದ ಎರಡು ಸ್ಪೀಕರು ಹಾಕುವ ಅವಕಾಶವೂ ಇತ್ತು. ಇದ್ದ ಜಾಗವನ್ನು ಒಂದೇ ಸ್ಪೀಕರಿನ ಪೆಟ್ಟಿಗೆಗೆ ಕೊಡುವುದು ಲೇಸು ಎಂದು ಅವರು ಹೇಳಿದ್ದು ಕೇಳಿದ ಮೇಲೆ ನನಗೂ ಸರಿಯೆನಿಸಿತು. ಧ್ವನಿಯ ಒಟ್ಟು ಮಟ್ಟವನ್ನು ನಿಯಂತ್ರಿಸುವ ಸಿವಿ 63ರಲ್ಲಿ (ಸಿವಿ ಎಂದರೆ ಡಿಕೋಡರಿನಲ್ಲಿ ಬದಲಾಯಿಸಬಹುದಾದ, ಸಂಖ್ಯೆಯಿಂದ ಗುರುತಿಸುವ ಹೊಂದಾಣಿಕೆ) 192ರವರೆಗೆ ಏರಿಸಬಹುದು, ಆದರೆ ಈ ಗಾತ್ರದ ಸ್ಪೀಕರು ಆ ಮಟ್ಟದಲ್ಲಿ ಒಡೆದ ಸದ್ದು ಮಾಡುತ್ತದೆ. ನಾನು ಅದನ್ನು ಅರ್ಧಕ್ಕಿಂತ ಸ್ವಲ್ಪ ಕೆಳಗೆ ಇಟ್ಟಿದ್ದೇನೆ, ಕೋಣೆಗೆ ಅಷ್ಟು ಬೇಕಾದಷ್ಟಾಯಿತು.

ಡಿಕೋಡರನ್ನೂ ಟೆಂಡರಿನಲ್ಲೇ, ಮೋಟಾರಿನ ಬಿಸಿಯಿಂದ ದೂರ ಇಟ್ಟದ್ದು ಒಳ್ಳೆಯದಾಯಿತು. ಅದರ ಮೈಗೆ ಪ್ಲಾಸ್ಟಿಕ್ ಟೇಪನ್ನು ಬಿಗಿಯಾಗಿ ಸುತ್ತದೆ, ಸುತ್ತ ಗಾಳಿ ಆಡಲು ಜಾಗ ಬಿಟ್ಟಿದ್ದಾರೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ತಾಪಮಾನವೇ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಇದು ಗಮನಿಸಬೇಕಾದ ಸಂಗತಿ. ಡಿಕೋಡರು ಅತಿಯಾಗಿ ಬಿಸಿಯಾದರೆ ತನ್ನನ್ನು ಕಾಪಾಡಿಕೊಳ್ಳಲು ಮೋಟಾರಿನ ವಿದ್ಯುತ್ತನ್ನು ನಿಲ್ಲಿಸುತ್ತದೆ.

ಈಗ ಧ್ವನಿಗೆ ಬರುತ್ತೇನೆ. ಎರಡು ಸಿಲಿಂಡರಿನ ಉಗಿ ಎಂಜಿನ್ನಿನಲ್ಲಿ ಗಾಲಿಯ ಒಂದು ಸುತ್ತಿಗೆ ನಾಲ್ಕು ಬಡಿತಗಳು, ಎಂದರೆ ಉಗಿ ಹೊರಚಿಮ್ಮುವ ಸದ್ದುಗಳು, ಕೇಳುತ್ತವೆ; ಗುಂಡಗಿನ ಮೂತಿಯ ನಮ್ಮ ಡಬ್ಲ್ಯೂಪಿ ಎಂಜಿನ್ನುಗಳು ಈ ಜಾತಿಯವು, ವಾಡಿ ಜಂಕ್ಷನ್ನಿನಲ್ಲಿ ಉಗಿಯ ಕಾಲವನ್ನು ಕಂಡ ಹಿರಿಯರ ಕಿವಿಯಲ್ಲಿ ಉಳಿದಿರುವುದು ಈ ನಾಲ್ಕರ ಲಯವೇ. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಮೂರು ಸಿಲಿಂಡರಿನದು, ಅದಕ್ಕೆ ಒಂದು ಸುತ್ತಿಗೆ ಆರು ಬಡಿತ. ಅದರ ಚಾಲಕ ಗಾಲಿಯ ವ್ಯಾಸ 6 ಅಡಿ 8 ಅಂಗುಲ, ಸುತ್ತಳತೆ ಸುಮಾರು 6.4 ಮೀಟರ್. ಗಂಟೆಗೆ 10 ಕಿಲೋಮೀಟರಿನಲ್ಲಿ ಸೆಕೆಂಡಿಗೆ ಎರಡೂವರೆ ಬಡಿತವಾದರೆ, 60 ಕಿಲೋಮೀಟರಿನಲ್ಲಿ ಹದಿನೈದಕ್ಕೂ ಮೀರಿ ಬಡಿತಗಳು ಒಂದರೊಳಗೊಂದು ಕೂಡಿ ಮೊರೆತವಾಗುತ್ತವೆ. ಆದ್ದರಿಂದ ಮೂರು ಸಿಲಿಂಡರಿನ ಧ್ವನಿಯನ್ನೇ ತುಂಬಿಸಿದ ಡಿಕೋಡರನ್ನು ಬ್ರಿಟನ್ನಿನ ಮಾರಾಟಗಾರರಿಂದ ತರಿಸಿದ್ದೆ. ಈ ಮಾದರಿಯನ್ನು ಇಟ್ಟುಕೊಂಡು ಎರಡು ಸಿಲಿಂಡರಿನ ಸದ್ದಿನಿಂದ ತೃಪ್ತಿಪಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳುವ ಕಿವಿ ಒಂದೇ ಸುತ್ತಿನಲ್ಲಿ ವ್ಯತ್ಯಾಸವನ್ನು ಗುರುತಿಸುತ್ತದೆ.

ಬಡಿತವನ್ನು ಗಾಲಿಗೆ ಹೊಂದಿಸುವುದು ಸಿವಿ 57 ಮತ್ತು 58ರ ಕೆಲಸ. ಎಂಜಿನ್ನನ್ನು ಅತ್ಯಂತ ನಿಧಾನವಾಗಿ ಓಡಿಸಿ, ಗಾಲಿಯ ಒಂದು ಕಡ್ಡಿಗೆ ಸುಣ್ಣದ ಚುಕ್ಕೆಯಿಟ್ಟು ಎಣಿಸುತ್ತ, ಅಂಕಿಗಳನ್ನು ಒಂದೊಂದಾಗಿ ಬದಲಾಯಿಸಬೇಕು. ಅದಕ್ಕೂ ಮೊದಲು ಸಿವಿ 54ರಲ್ಲಿ ಸೊನ್ನೆ ಬರೆದು ನಿಯಂತ್ರಕದ ಎಫ್1 ಗುಂಡಿ ಒತ್ತಿದರೆ ಡಿಕೋಡರು ಮೋಟಾರನ್ನು ತಾನೇ ಅಳೆದುಕೊಳ್ಳುತ್ತದೆ; ಆಗ ಎಂಜಿನ್ ಪೂರ್ಣ ವೇಗದಲ್ಲಿ ಮುನ್ನುಗ್ಗುವುದರಿಂದ ಮುಂದೆ ಸಾಕಷ್ಟು ನೇರ ಹಳಿ ಇರಲೇಬೇಕು. ಅರ್ಧ ಶತಮಾನದ ಹಿಂದಿನ ಮೋಟಾರು ಇಷ್ಟು ನಿಧಾನವಾಗಿ, ನಡುಗದೆ ತೆವಳಬಲ್ಲದೆಂದು ನಾನು ನಿರೀಕ್ಷಿಸಿರಲಿಲ್ಲ. ನನಗೆ ಅತ್ಯಂತ ಪ್ರಿಯವಾದ ಸೌಲಭ್ಯ ‘ಡ್ರೈವ್ ಹೋಲ್ಡ್’. ಅದನ್ನು ಒತ್ತಿದಾಗ ಎಂಜಿನ್ನಿನ ವೇಗ ಇದ್ದಂತೆಯೇ ಉಳಿಯುತ್ತದೆ, ಹಿಡಿಕೆ ತಿರುಗಿಸಿದರೆ ಧ್ವನಿ ಮಾತ್ರ ಬದಲಾಗುತ್ತದೆ. ಹೀಗೆ, ಭಾರದ ಗಾಡಿಯನ್ನೆಳೆದು ಏರನ್ನು ಹತ್ತುವ ಎಂಜಿನ್ನಿನ ದಟ್ಟವಾದ ಏದುಸಿರನ್ನೂ, ಇಳಿಜಾರಿನಲ್ಲಿ ಉಗಿ ಮುಚ್ಚಿ ಉರುಳುವಾಗ ಕೇಳುವ ಸರಳುಗಳ ಕಿಣಿಕಿಣಿಯನ್ನೂ ನಡೆಸುವವನ ಕೈಯೇ ಹೊರಡಿಸುತ್ತದೆ.

ಖರ್ಚು ಕಡಿಮೆಯೇನಲ್ಲ. ಡಿಕೋಡರಿಗೇ ನೂರು ಯೂರೋಗಿಂತ ಹೆಚ್ಚು, ಅದರ ಮೇಲೆ ಸಾಗಣೆ ಮತ್ತು ಸುಂಕ. ಡಿಸಿಸಿ ನಿಯಂತ್ರಕ ಇಲ್ಲದವರಿಗೆ ಅದರ ಖರ್ಚು ಬೇರೆ. ಅಂಗಡಿಯವರು ತೆಗೆದುಕೊಂಡ ಕೂಲಿ 1,800 ರೂಪಾಯಿ, ಮಾಡಿದ ಕೆಲಸದ ಸೂಕ್ಷ್ಮತೆಗೆ ಅದು ಕಡಿಮೆಯೆಂದೇ ಹೇಳಬೇಕು. ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡಿದ, ಓಡಿಸದ ಮಾದರಿ ನಿಮ್ಮಲ್ಲಿದ್ದರೆ ಅದರ ತಳಕ್ಕೆ ರಂಧ್ರ ಕೊರೆಸಬೇಡಿ, ಸಂಗ್ರಾಹಕರ ದೃಷ್ಟಿಯಲ್ಲಿ ಅದರ ಬೆಲೆ ಮೂಲ ಸ್ಥಿತಿಯಲ್ಲೇ ಇದೆ. ನನ್ನದರಂತೆ ಬಣ್ಣ ಸವೆದು, ಓಡಲೆಂದೇ ಇರುವ ಎಂಜಿನ್ನಾದರೆ ಧೈರ್ಯವಾಗಿ ಮಾಡಿಸಬಹುದು. ಕೊಡುವಾಗ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿ: ಚಾಸಿ ಮತ್ತು ಬ್ರಷ್‌ಗಳ ನಡುವಿನ ಮೀಟರ್ ಪರೀಕ್ಷೆಯನ್ನು ನಿಮ್ಮೆದುರಿಗೇ ಮಾಡಬೇಕು, ಅದಾಗುವವರೆಗೆ ಡಿಕೋಡರಿನ ಡಬ್ಬಿ ತೆರೆಯಬಾರದು.

ಒಂದು ಕೊರತೆ ಉಳಿದಿದೆ. ನಿಧಾನದಲ್ಲಿ ಕೂಡಿಬರುವ ಬಡಿತ ನಡು ವೇಗದಲ್ಲಿ ಗಾಲಿಯಿಂದ ತುಸು ಹಿಂದೆ ಬೀಳುತ್ತದೆ, ಏಕೆಂದರೆ ಡಿಕೋಡರು ಮೋಟಾರಿನ ವೇಗದಿಂದ ಬಡಿತವನ್ನು ಅಂದಾಜು ಮಾಡುತ್ತದೆ. ಗಾಲಿಯ ಅಚ್ಚಿಗೆ ಆರು ಸಣ್ಣ ಅಯಸ್ಕಾಂತಗಳನ್ನು ಸಮಾನ ಅಂತರದಲ್ಲಿ ಅಂಟಿಸಿ, ಎದುರಿಗೆ ಅಯಸ್ಕಾಂತವನ್ನು ಗ್ರಹಿಸುವ ಹಾಲ್ ಸೆನ್ಸರ್ ಇಟ್ಟರೆ ಪ್ರತಿ ಬಡಿತವೂ ಗಾಲಿಯಿಂದಲೇ ಹುಟ್ಟುತ್ತದೆ. ಆ ಕೆಲಸಕ್ಕೂ ಅದೇ ಅಂಗಡಿಯವರು ಒಪ್ಪಿದ್ದಾರೆ. ಅಚ್ಚಿನ ಅಳತೆ ತೆಗೆದುಕೊಂಡು ಅಯಸ್ಕಾಂತಗಳನ್ನು ತರಿಸಲು ಹೇಳಿದ್ದೇನೆ.