ಹಳೆಯ ಫಿಲ್ಮ್ ಕ್ಯಾಮೆರಾವನ್ನು ಡಿಜಿಟಲ್ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕ ಕಡೆಯವರು ಮುಖ್ಯವಾಗಿ ಓದಿ. ಗಲ್ಫಿನಿಂದ ಬಂದ ಫಿಲ್ಮ್ ಕ್ಯಾಮೆರಾ ನಮ್ಮ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಅವುಗಳ ಮೇಲೆಯೇ ಕಣ್ಣಿಟ್ಟು ಮಂಗಳೂರಿನಲ್ಲಿ ಕುಳಿತ ಒಬ್ಬ ಅವನ್ನು ಡಿಜಿಟಲ್ ಮಾಡಿಕೊಡುತ್ತೇನೆಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜಾಹೀರಾತು ಹರಿಯಬಿಟ್ಟಿದ್ದಾನೆ. ದೂರು ನಡೆಯುತ್ತಿರುವುದರಿಂದ ಹೆಸರು ಹಾಕುವುದಿಲ್ಲ.

ನನ್ನದು ನಿಕಾನ್ ಎಫ್‌ಎಂ2. ದೊಡ್ಡಪ್ಪ ಬಹರೈನಿನಿಂದ ತಂದದ್ದು. ಮಧೂರಿನ ಗಣಪತಿ ದೇವಸ್ಥಾನದಲ್ಲಿ 1992ರಲ್ಲಿ ನಡೆದ ಮೂಡಪ್ಪ ಸೇವೆಯ ಫೋಟೊಗಳು ನಮ್ಮ ಮನೆಯ ಆಲ್ಬಮ್ಮಿನಲ್ಲಿ ಇರುವುದು ಅದರ ದೆಸೆಯಿಂದ. ಅದು ಕೆಟ್ಟಿರಲಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಕೆಟ್ಟಿರಲಿಲ್ಲ. ಅದರ ಶಟರ್, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಪರದೆ, ಪೂರ್ತಿ ಯಾಂತ್ರಿಕ, ಬ್ಯಾಟರಿ ಬೇಕಾಗುವುದು ಬೆಳಕಿನ ಮೀಟರಿಗೆ ಮಾತ್ರ. ರೋಲಿನ ಬೆಲೆ, ತೊಳೆಸುವ ಖರ್ಚು, ಸ್ಕ್ಯಾನಿನ ಖರ್ಚು ಎಲ್ಲ ಸೇರಿ ಕೈ ಕಚ್ಚತೊಡಗಿದ್ದರಿಂದ ಡಿಜಿಟಲ್ ಆದರೆ ಬಳಸಬಹುದಲ್ಲ ಎಂದುಕೊಂಡೆ, ಅಷ್ಟೇ.

ಆ ಜಾಹೀರಾತಿನವನು ಬರೆದುಕೊಟ್ಟ ಮಾತು ಇದು, ಮೊಬೈಲಿನಲ್ಲಿ ಈಗಲೂ ಇದೆ: “ಮಾಸ್ಟ್ರೇ, 24 ಮೆಗಾಪಿಕ್ಸೆಲ್, ಫುಲ್ ಫ್ರೇಮ್. ನಿಮ್ಮ ಲೆನ್ಸೇ ಸಾಕು. ಬಾಡಿಯ ಮೇಲೆ ಒಂದು ಗೀರೂ ಬೀಳುವುದಿಲ್ಲ.” ಫುಲ್ ಫ್ರೇಮ್ ಎಂದರೆ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ (ಫಿಲ್ಮಿನ ಬದಲು ಬೆಳಕನ್ನು ಹಿಡಿಯುವ ಚಿಪ್). ಜೊತೆಗೆ ಒಂದು ಚಿತ್ರ: ಫಿಲ್ಮ್ ಡಬ್ಬಿಯಂಥದ್ದೇ ಒಂದು ಡಬ್ಬಿ, ಅದರಿಂದ ನಾಲಗೆಯ ಹಾಗೆ ಹೊರಬಂದ ಸೆನ್ಸರ್ ಹಾಳೆ. ರೋಲ್ ಹಾಕಿದಂತೆ ಹಾಕಿದರೆ ಮುಗಿಯಿತಂತೆ. ಒಟ್ಟು 22,000 ರೂಪಾಯಿ, ಮುಂಗಡ 15,000. ಬಿಲ್ ಕೆಲಸ ಮುಗಿದ ಮೇಲೆ. ಆಮೇಲಿನದು ಎಲ್ಲರಿಗೂ ಗೊತ್ತಿರುವ ಕತೆಯೇ: ಬಿಡಿಭಾಗ ಬರಬೇಕು, ಮಳೆ, ಹುಡುಗ ರಜೆ, ನಾಳೆ ಖಂಡಿತ.

ಪಾರ್ಸೆಲ್ ಕೈಗೆ ಸಿಕ್ಕಿದ್ದು ಅಕ್ಕನ ಮಗನ ಉಪನಯನದ ಹಿಂದಿನ ಸಂಜೆ. ಹಿಂಬದಿಯ ಬಾಗಿಲಿನ ಅಂಚಿಗೆ ಒಂದು ಸ್ಟಿಕ್ಕರ್, “ತೆರೆದರೆ ವಾರಂಟಿ ಇಲ್ಲ” ಎಂದು. ಶಟರನ್ನು ‘ಬಿ’ಯಲ್ಲಿಟ್ಟು (ಒತ್ತಿ ಹಿಡಿದಷ್ಟು ಹೊತ್ತೂ ತೆರೆದೇ ಇರುವ ಗುರುತು) ಒತ್ತಿ ಹಿಡಿದು, ಬುಡದಲ್ಲಿ ಅಂಟಿಸಿದ ಇನ್ನೊಂದು ಗುಂಡಿಯನ್ನು ಒತ್ತಬೇಕಂತೆ. ಸೆಕೆಂಡಿನ 4,000ದಲ್ಲಿ ಒಂದು ಭಾಗದಷ್ಟು ವೇಗದ ಶಟರ್ ಇರುವ ಕ್ಯಾಮೆರಾ ಇದು! ಆಗಲೇ ಮನಸ್ಸು ಕಸಿವಿಸಿಗೊಂಡಿತು.

ಮರುದಿನ ಮಂಟಪದ ಎದುರು ನಿಂತು ತೆಗೆದೆ. ವ್ಯೂಫೈಂಡರಿನಲ್ಲಿ ವಟು, ಅಕ್ಕ, ಭಾವ ಮೂವರೂ ಸರಿಯಾಗಿ ಕಾಣುತ್ತಿದ್ದರು. ಊಟದ ನಂತರ ಎಲ್ಲರೂ ಸುತ್ತ ಸೇರಿದಾಗ ಲ್ಯಾಪ್‌ಟಾಪಿನಲ್ಲಿ ತೆರೆದರೆ ವಟುವಿನ ಅರ್ಧ ಮುಖ. ಮುಂದಿನದರಲ್ಲಿ ಭಾವನ ಶಲ್ಯದ ಅಂಚು. ಎಲ್ಲವೂ ಮಸುಕು. ಭಾವ ಮಾತ್ರ ಮೆಲ್ಲನೆ “ಇದಕ್ಕೆ ಎಷ್ಟು ಕೊಟ್ಟೆ?” ಎಂದರು. ಉತ್ತರಿಸಲಿಲ್ಲ.

ಫೈಲಿನ ವಿವರ ತೆಗೆದು ನೋಡಿದೆ. ಕ್ಯಾಮೆರಾದ ಹೆಸರಿನ ಎದುರು ‘ರಾಸ್‌ಬೆರಿ ಪೈ’, ‘ಐಎಂಎಕ್ಸ್477’. ಇದು ಹವ್ಯಾಸಿಗಳ ಪುಟ್ಟ ಕಂಪ್ಯೂಟರಿಗೆ ಜೋಡಿಸುವ ಕ್ಯಾಮೆರಾ. 12.3 ಮೆಗಾಪಿಕ್ಸೆಲ್. ಅದರ ಕೆಲಸಕ್ಕೆ ಅದು ಒಳ್ಳೆಯದೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರ ಸೆನ್ಸರ್ ಸುಮಾರು 6.3 ಮಿ.ಮೀ. ಅಗಲ, 4.7 ಮಿ.ಮೀ. ಎತ್ತರ, ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಫಿಲ್ಮ್ ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಚೌಕಟ್ಟಿನ ಸುಮಾರು 29ರಲ್ಲಿ ಒಂದು ಪಾಲು ಮಾತ್ರ ಫೋಟೊ ಆಗುತ್ತದೆ. 50 ಮಿ.ಮೀ. ಲೆನ್ಸು ದೂರದ್ದನ್ನು ಹತ್ತಿರ ತೋರಿಸುವ 275 ಮಿ.ಮೀ. ಟೆಲಿ ಲೆನ್ಸಿನಷ್ಟೇ ಕಿರಿದಾದ ನೋಟ ಕೊಡುತ್ತದೆ. ಮೂವರ ಬದಲು ಅರ್ಧ ಮುಖ ಬಂದದ್ದು ಹಾಗೆ.

ಆ ರಾತ್ರಿ ಸ್ಟಿಕ್ಕರ್ ಕಿತ್ತು ಬಾಗಿಲು ತೆರೆದೆ. ಫಿಲ್ಮನ್ನು ಒತ್ತಿ ಹಿಡಿಯುವ ತಟ್ಟೆ ಇಲ್ಲ. ಫಿಲ್ಮ್ ಜಾರುವ ಹಳಿಗಳನ್ನು ಅರದಿಂದ ಉಜ್ಜಿ ತಗ್ಗಿಸಿದ್ದಾನೆ, ಲೋಹದ ಪುಡಿ ಮೂಲೆಯಲ್ಲಿ ಇನ್ನೂ ಮಿನುಗುತ್ತಿತ್ತು. ಬೋರ್ಡನ್ನು ಬಿಸಿ ಅಂಟಿನಿಂದ ಮೆತ್ತಿದ್ದಾನೆ. ಶಟರಿನ ಟೈಟಾನಿಯಂ ಪಟ್ಟಿಗಳಲ್ಲಿ ಜೇನುಗೂಡಿನ ವಿನ್ಯಾಸ ಇರುತ್ತದಲ್ಲ, ಅದರಲ್ಲೊಂದು ಪಟ್ಟಿ ಹೆಬ್ಬೆರಳು ಒತ್ತಿದಲ್ಲಿ ತಗ್ಗಾಗಿದೆ. ಒಂದು ಗೀರೂ ಬೀಳುವುದಿಲ್ಲ ಎಂದವನು!

ಎಫ್‌ಎಂ2ರ ಹಿಂಬಾಗಿಲು ತಿರುಗಣಿಯ ಪಿನ್ನನ್ನು ಸರಿಸಿದರೆ ಕಳಚಿ ಬರುತ್ತದೆ. ಕೆಲಸ ಬಲ್ಲವನಾದರೆ ಬೇರೆ ಬಾಗಿಲು ಮಾಡಿ ಅದರಲ್ಲಿ ಕೂರಿಸುತ್ತಿದ್ದ. ಇವನು ಬಾಡಿಯನ್ನೇ ಕೊಂದ.

ಇನ್ನು ಅವನ ಉತ್ತರಗಳು. ಮೊದಲು, “ನಿಮ್ಮ ಲೆನ್ಸಿನಲ್ಲಿ ಫಂಗಸ್ ಇರಬೇಕು ಮಾಸ್ಟ್ರೇ.” ಅಳತೆ ಹೇಳಿದ ಮೇಲೆ, “ಫುಲ್ ಫ್ರೇಮ್ ಎಂದದ್ದು ಕ್ಯಾಮೆರಾಕ್ಕೆ, ಸೆನ್ಸರಿಗಲ್ಲ.” ಇದನ್ನು ಓದಿ ಮೊಬೈಲ್ ಎಸೆಯುವುದೊಂದು ಬಾಕಿ. ಹಳಿಗಳ ಫೋಟೊ ಕಳುಹಿಸಿದರೆ, “ಸ್ಟಿಕ್ಕರ್ ಕಿತ್ತಿದ್ದೀರಿ, ವಾರಂಟಿ ಹೋಯಿತು.” ಹಾಗಾದರೆ ಆ ಚಿತ್ರದಲ್ಲಿದ್ದ ಡಬ್ಬಿ ಎಲ್ಲಿ ಎಂದು ಕೇಳಿದೆ. “ಅದು ಮಾದರಿ ಚಿತ್ರ, ವಿದೇಶದಲ್ಲಿ ಸಿಗುತ್ತದೆ” ಎಂದ.

ಎಲ್ಲೂ ಸಿಗುವುದಿಲ್ಲ. ಅದು ‘ಆರ್‌ಇ-35’ ಎಂಬ ಹೆಸರಿನಲ್ಲಿ 2011ರ ಏಪ್ರಿಲ್ ಒಂದರಂದು ವಿನ್ಯಾಸಕಾರರು ಹರಿಯಬಿಟ್ಟ ತಮಾಷೆ. ಅವರು ಜಗತ್ತನ್ನು ನಗಿಸಲು ಮಾಡಿದ ಚಿತ್ರ ತೋರಿಸಿ ಇವನು ನನ್ನಿಂದ ಮುಂಗಡ ತೆಗೆದುಕೊಂಡ! ಇದೇ ಕನಸನ್ನು ನಿಜವಾಗಿ ಮಾರಲು ಹೊರಟ ಸಿಲಿಕಾನ್ ಫಿಲ್ಮ್ ಕಂಪನಿ 1998ರಲ್ಲಿ ಘೋಷಿಸಿ, ಒಂದನ್ನೂ ಮಾರದೆ 2001ರಲ್ಲಿ ಕೈಚೆಲ್ಲಿತು. ತೊಡಕು ಎಲ್ಲಿದೆಯೆಂದರೆ, ಫಿಲ್ಮ್ ತೆಳ್ಳಗಿದ್ದು ಹಳಿಗಳ ಮೇಲೆ ಸಪಾಟಾಗಿ ಕೂರುತ್ತದೆ. ಸೆನ್ಸರಿಗೆ ಮುಂದೆ ಗಾಜು, ಹಿಂದೆ ಬೋರ್ಡು, ಸುತ್ತ ಅಂಚು. ಫಿಲ್ಮ್ ಇರಬೇಕಾದ ಸಮತಲಕ್ಕೆ ಅದನ್ನು ತರುವುದೇ ಕಷ್ಟ. ಶಟರ್ ಯಾವಾಗ ತೆರೆಯಿತೆಂದು ಸೆನ್ಸರಿಗೆ ತಿಳಿಯುವುದೂ ಇಲ್ಲ, ಅದಕ್ಕೇ ಎರಡು ಗುಂಡಿಗಳ ಸರ್ಕಸ್ಸು.

ಕೊನೆಯ ಸಂದೇಶದಲ್ಲಿ ಮಾಸ್ಟ್ರೇ ಎಂಬುದೂ ಮಾಯ: “ನೀವು ಕೇರಳದವರು. ಇಲ್ಲಿಗೆ ಬಂದು ಕೇಸು ಹಾಕುತ್ತೀರಾ? ಹಾಕಿ.” ಗಡಿಯ ತಲಪಾಡಿ ದಾಟಿದರೆ ನಮಗೆ ದಿಕ್ಕಿಲ್ಲ ಎಂದು ತಿಳಿದಿದ್ದಾನೆ. ದಾಟಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಕಾಸರಗೋಡಿನಲ್ಲಿಯೇ ಕೊಟ್ಟಿದ್ದೇನೆ. 5 ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಸಹಾಯವಾಣಿ 1915.

ಮಾಡಿಸಲೇಬೇಕೆಂದಿದ್ದರೆ ಸೆನ್ಸರಿನ ಹೆಸರು ಮತ್ತು ಮಿಲಿಮೀಟರ್ ಅಳತೆಯನ್ನು ಬರೆಸಿಕೊಳ್ಳಿ. ಅಳತೆ ಹೇಳಲು ತಡವರಿಸಿದರೆ ಅಲ್ಲಿಗೇ ಬಿಡಿ. ಕ್ಯಾಮೆರಾದ ಬಾಡಿಯ ಮೇಲೆ ಅರ ಆಡಿಸಲು ಬಿಡಲೇಬೇಡಿ. ಲೆನ್ಸಿನ ಮೇಲೆ ಪ್ರೀತಿ ಇದ್ದರೆ ಬಳಸಿದ ಫುಲ್ ಫ್ರೇಮ್ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಡಿಜಿಟಲ್) ಕ್ಯಾಮೆರಾ ಕೊಂಡು, ಅಡಾಪ್ಟರ್ ಹಾಕಿ ಅದೇ ಲೆನ್ಸನ್ನು ಕೂರಿಸಿ.

ಅವನ ಜಾಹೀರಾತು ಈಗಲೂ ಓಡುತ್ತಿದೆ, ಅದೇ ಡಬ್ಬಿಯ ಚಿತ್ರದೊಂದಿಗೆ. ಯಾರಾದರೂ ಮುಂಗಡ ಕಳುಹಿಸಿ ಕ್ಯಾಮೆರಾ ಇನ್ನೂ ಕಳುಹಿಸಿರದಿದ್ದರೆ, ಪಾರ್ಸೆಲ್ ಮಾಡಬೇಡಿ. ಹಣ ಹೋದರೂ ಕ್ಯಾಮೆರಾ ಉಳಿಯುತ್ತದೆ.