ಕನಕಪುರ ಲೋಕಸಭಾ ಕ್ಷೇತ್ರದ ಚರಿತ್ರೆ: ಚುನಾವಣಾ ಆಯೋಗದ ವರದಿಗಳು ಎಷ್ಟರಮಟ್ಟಿಗೆ ಆಧಾರ?

ಬೆಂಗಳೂರಿನ ದಕ್ಷಿಣದ ಹೊರವಲಯ, ರಾಮನಗರ ಸೀಮೆ ಎರಡನ್ನೂ ಒಳಗೊಂಡಿದ್ದ ಕನಕಪುರ ಲೋಕಸಭಾ ಕ್ಷೇತ್ರ 1967ರಿಂದ 2004ರ ಚುನಾವಣೆವರೆಗೆ ಇತ್ತು. ಅದರ ಚರಿತ್ರೆ ಬರೆಯುವವರಿಗೆ ಕೇಂದ್ರ ಚುನಾವಣಾ ಆಯೋಗದ ಅಂಕಿಅಂಶ ವರದಿಗಳೇ ಮೊದಲ ಆಧಾರ. ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮತದಾರರ ಸಂಖ್ಯೆ, ಚಲಾವಣೆಯಾದ ಮತ, ಅಭ್ಯರ್ಥಿವಾರು ಲೆಕ್ಕ ಎಲ್ಲವೂ ಒಂದೇ ಕಡೆ ಇವೆ.

ಆದರೆ ಹುಡುಕುವ ದಾರಿ ಗೊತ್ತಿರಬೇಕು. ರಾಜ್ಯದ ಹೆಸರು ಬದಲಾದದ್ದು 1973ರಲ್ಲಿ. ಹಾಗಾಗಿ ಎಂ.ವಿ. ರಾಜಶೇಖರನ್ ಗೆದ್ದ 1967ರ ಫಲಿತಾಂಶವನ್ನೂ ಸಿ.ಕೆ. ಜಾಫರ್ ಷರೀಫ್ ಗೆದ್ದ 1971ರ ಫಲಿತಾಂಶವನ್ನೂ ‘ಮೈಸೂರು’ ರಾಜ್ಯದಡಿ ನೋಡಬೇಕು. ಕ್ಷೇತ್ರದ ಕ್ರಮಸಂಖ್ಯೆ ನೆಚ್ಚಿಕೊಳ್ಳಬೇಡಿ: 1977ರಲ್ಲಿ ರಾಜ್ಯದ ಸ್ಥಾನಗಳು 27ರಿಂದ 28ಕ್ಕೆ ಏರಿದ್ದರಿಂದ ಅದು ಬದಲಾಗಿರಬಹುದು. ಆ ವರ್ಷ ಜನತಾ ಪಕ್ಷದವರು ಭಾರತೀಯ ಲೋಕದಳದ ಚಿಹ್ನೆಯಲ್ಲಿ ನಿಂತಿದ್ದರಿಂದ ಪಕ್ಷದ ಕಾಲಂನಲ್ಲಿ ‘ಬಿಎಲ್‌ಡಿ’ ಎಂದಿರುತ್ತದೆ. 1977ರಿಂದ 1991ರವರೆಗೆ ಐದು ಸಲವೂ ಗೆದ್ದವರು ಕಾಂಗ್ರೆಸ್ಸಿನ ಎಂ.ವಿ. ಚಂದ್ರಶೇಖರಮೂರ್ತಿ. ಆಮೇಲಿನದು ತೂಗುಯ್ಯಾಲೆ: 1996ರಲ್ಲಿ ಎಚ್.ಡಿ. ಕುಮಾರಸ್ವಾಮಿ, 1998ರಲ್ಲಿ ಬಿಜೆಪಿಯ ಎಂ. ಶ್ರೀನಿವಾಸ್, 1999ರಲ್ಲಿ ಮತ್ತೆ ಮೂರ್ತಿ.

ಹೆಚ್ಚಿನವರು ಎಡವುವುದು ಇದರ ಮುಂದೆ. ಸಾರ್ವತ್ರಿಕ ಚುನಾವಣೆಯ ಸಂಪುಟಗಳಲ್ಲಿ ಉಪಚುನಾವಣೆ ಇರುವುದಿಲ್ಲ. 1999ರಿಂದ ನೇರ 2004ಕ್ಕೆ ಹಾರಿದರೆ, 2002ರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ವಿರುದ್ಧ ಎಚ್.ಡಿ. ದೇವೇಗೌಡರು ಗೆದ್ದದ್ದು ಬಿಟ್ಟೇ ಹೋಗುತ್ತದೆ. ಅದು ಗೊತ್ತಿಲ್ಲದೆ 2004ರ ತೇಜಸ್ವಿನಿ ಅವರ ಗೆಲುವಿನ ತೂಕ ತಿಳಿಯದು. ಅವರು ಸೋಲಿಸಿದ್ದು ಹಾಲಿ ಸಂಸದರಾಗಿದ್ದ ಮಾಜಿ ಪ್ರಧಾನಿಯನ್ನು. ಉಪಚುನಾವಣೆಯ ಫಲಿತಾಂಶ ಬೇರೆಯಾಗಿ ತೆಗೆದು ಜೋಡಿಸಿಕೊಳ್ಳಿ.

ವರದಿಗಳ ದೊಡ್ಡ ಕೊರತೆ ಗಡಿಯದು. ಕ್ಷೇತ್ರದ ಹೆಸರಿದೆ, ಎಲ್ಲೆ ಇಲ್ಲ. 1976 ಮತ್ತು 2008ರ ಕ್ಷೇತ್ರ ಪುನರ್ವಿಂಗಡಣೆ ಆದೇಶಗಳನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು. 2008ರಲ್ಲಿ ಕನಕಪುರ ಹೋಗಿ ಬೆಂಗಳೂರು ಗ್ರಾಮಾಂತರ ಬಂತು. ಬರೀ ಹೆಸರು ಬದಲಾಯಿತು ಎಂದು ಬರೆಯುವುದು ಶುದ್ಧ ತಪ್ಪು. ಉತ್ತರಹಳ್ಳಿ, ಸಾತನೂರು ವಿಧಾನಸಭಾ ಕ್ಷೇತ್ರಗಳೇ ಇಲ್ಲವಾದವು. ತುಮಕೂರು ಜಿಲ್ಲೆಯ ಕುಣಿಗಲ್ ಒಳಬಂತು. ಹೀಗಿರುವಾಗ 2004ರ ಮತ ಪ್ರಮಾಣವನ್ನು 2009ರದಕ್ಕೆ ಸಾಟಿ ಇಟ್ಟು ಏರಿಳಿತ ಲೆಕ್ಕ ಹಾಕಿದರೆ ಅದಕ್ಕೆ ಅರ್ಥವಿಲ್ಲ.

ಸಮಯ ಕಡಿಮೆ ಇದ್ದವರು 2004ರ ಮೂರನೇ ಸಂಪುಟವನ್ನಾದರೂ ತೆರೆಯಿರಿ. ಅದರಲ್ಲಿ ಮತಗಳು ವಿಧಾನಸಭಾ ಕ್ಷೇತ್ರವಾರು ಬಿಡಿಬಿಡಿಯಾಗಿವೆ. ಮತದಾರರ ಸಂಖ್ಯೆಯಲ್ಲಿ ದೇಶದ ಅತಿದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲಿ ಒಂದಾಗಿದ್ದ, ಬೆಂಗಳೂರಿನ ಅಂಚಿನ ಉತ್ತರಹಳ್ಳಿಯ ಸಾಲನ್ನು ಹಳ್ಳಿಗಾಡಿನ ಸಾತನೂರಿನ ಸಾಲಿನ ಪಕ್ಕ ಇಟ್ಟು ನೋಡಿ. ಬೆಳೆಯುತ್ತಿದ್ದ ಬೆಂಗಳೂರು ಈ ಕ್ಷೇತ್ರವನ್ನು ಎಷ್ಟು ಆವರಿಸಿತ್ತು ಎಂಬುದು ಅಲ್ಲಿ ಅಂಕಿಯಲ್ಲೇ ಸಿಗುತ್ತದೆ.