ಮೆಡಿಕೇರ್‌ನಲ್ಲಿ ಅಡ್ಮಿಟ್ ವಾಸಿಯೋ, ಅಬ್ಸರ್ವೇಶನ್ ವಾಸಿಯೋ?

ಅಮೆರಿಕದಲ್ಲಿ ವಯಸ್ಸಾದವರು ಆಸ್ಪತ್ರೆಯಲ್ಲಿ ಮೂರು ರಾತ್ರಿ ಮಲಗಿದ್ದರೂ ಅಡ್ಮಿಟ್ ಆಗಿದ್ದಾರೆ ಅಂತಲ್ಲ. ಫೈಲಿನಲ್ಲಿ 'ಅಬ್ಸರ್ವೇಶನ್' (ನಿಗಾ) ಅಂತಿದ್ದರೆ ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಲೆಕ್ಕದಲ್ಲಿ ಅವರು ಹೊರರೋಗಿ. ವಿಚಿತ್ರ ಅಲ್ವಾ?

ಅಡ್ಮಿಟ್ ಆದರೆ ಪಾರ್ಟ್ ಎ, ಅಂದರೆ ಮೆಡಿಕೇರ್‌ನ ಆಸ್ಪತ್ರೆ ವಿಮೆ: ಡಿಡಕ್ಟಿಬಲ್ (ಮೊದಲು ನೀವೇ ಕೊಡಬೇಕಾದ ಮೊತ್ತ) ಕಟ್ಟಿದರೆ 60 ದಿನದವರೆಗೆ ಆಸ್ಪತ್ರೆಗೆ ಬೇರೆ ಪಾಲು ಕೊಡಬೇಕಿಲ್ಲ. ಡಾಕ್ಟರ ಫೀಸು ಮಾತ್ರ ಪಾರ್ಟ್ ಬಿ, ಅಂದರೆ ಡಾಕ್ಟರು ಮತ್ತು ಹೊರರೋಗಿ ಸೇವೆಗಳ ವಿಮೆ. ಅಬ್ಸರ್ವೇಶನ್ ಆದರೆ ಎಲ್ಲವೂ ಪಾರ್ಟ್ ಬಿ, ಸಾಮಾನ್ಯವಾಗಿ 20% ನಿಮ್ಮದು. ದಿನಾ ನುಂಗುವ ಮಾತ್ರೆಗಳ ದುಡ್ಡು ಬೇರೆ. ಒಂದು ರಾತ್ರಿಯ ಮಟ್ಟಿಗೆ ಇದೇ ಅಗ್ಗವಾಗಬಹುದು.

ಸೊಂಟ ಮುರಿದವರಿಗೆ ಹಾಗಲ್ಲ. ಆಮೇಲೆ ನರ್ಸಿಂಗ್ ಆರೈಕೆ ಕೇಂದ್ರದ ಖರ್ಚು ಸಿಗಬೇಕಾದರೆ ಸತತ 3 ದಿನ ಅಡ್ಮಿಟ್ ಆಗಿರಬೇಕು. ಡಿಸ್ಚಾರ್ಜ್ ದಿನ ಸೇರುವುದಿಲ್ಲ, ಅಬ್ಸರ್ವೇಶನ್ ರಾತ್ರಿಗಳೂ ಸೇರುವುದಿಲ್ಲ. ಖಾಸಗಿ ಕಂಪನಿಗಳು ನಡೆಸುವ ಕೆಲವು ಮೆಡಿಕೇರ್ ಅಡ್ವಾಂಟೇಜ್ ಪ್ಲಾನ್‌ಗಳು ಈ ಷರತ್ತು ಹಾಕುವುದಿಲ್ಲ. ಅಡ್ಮಿಟ್ ಮಾಡುವ ತೀರ್ಮಾನ ಡಾಕ್ಟರದು, ನಿಜ. ಎರಡು ಮಧ್ಯರಾತ್ರಿ ದಾಟುವ ಚಿಕಿತ್ಸೆಯಾದರೆ ಸುಮ್ನೆ ಕೂರಬೇಡಿ, ಅಡ್ಮಿಟ್ಟೋ ಅಬ್ಸರ್ವೇಶನ್ನೋ ಅಂತ ಮೊದಲ ದಿನವೇ ಕೇಳಿ.